ಹಲ್ಲಿನಿಂದ ಗೇರ್ ಕೇಳುವ ಮಧುಕೇಶ್ವರ

ಬೆಳಗಿನ ಆರು ಗಂಟೆ. ಶಿರಸಿಯ ಬನವಾಸಿ ರಸ್ತೆಯ ಗ್ಯಾರೇಜಿನಲ್ಲಿ ಮಧುಕೇಶ್ವರ ಪಿಕಪ್ ಗಾಡಿಯ ಕೆಳಗೆ ಮಲಗಿದ್ದಾರೆ. ಜಾಕಿಯ ಮೇಲೆ ಎತ್ತಿದ ಹಿಂದಿನ ಗಾಲಿಗಳು ಸುಮ್ಮನೆ ತಿರುಗುತ್ತಿವೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಆಕ್ಸಲ್‌ಗೆ ತಾಗಿದೆ, ಅದರ ಮರದ ಹಿಡಿ ಅವರ ಹಲ್ಲುಗಳ ನಡುವೆ ಇದೆ.

"ಎಂತ ಆತು ಮಧುಕೇಶ್ವರಣ್ಣ?" ಗಾಡಿಯ ಒಡತಿ ತನುಜಾ ಕೇಳುತ್ತಾರೆ. ಮಧುಕೇಶ್ವರ ತಿರುಗುವುದಿಲ್ಲ, ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತಾರೆ.

ತನುಜಾ ಹೆಗ್ಗರಣೆ ಕಡೆಯ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಮುಟ್ಟಿಸುವವರು. ಕಲ್ಲುದಾರಿಯಲ್ಲಿ ಗಾಡಿಯ ಹೊಟ್ಟೆ ತಾಗುತ್ತದೆಂದು ದೊಡ್ಡ ಟೈರ್ ಹಾಕಿಸಿದರು. ಗಾಡಿ ಎತ್ತರವಾಯಿತು, ಎಳೆಯುವ ಬಲ ಹೋಯಿತು. ಹೋದ ವಾರ ಏರಿನ ನಡುವೆ ನಿಂತು ಹಿಂದಕ್ಕೆ ಜಾರಿತು. ಗಾಲಿಗೆ ಕಲ್ಲು ಕೊಡಲು ಇಳಿದಿದ್ದ ಗಂಡ ಸತೀಶ ಗೇಣಿನ ಅಂತರದಲ್ಲಿ ಉಳಿದರು. "ಆಮೇಲೆ ಆ ಏರಿಗೆ ಗಾಡಿ ಹತ್ಸಿದ್ದೇ ಇಲ್ಲ" ಎನ್ನುತ್ತಾರೆ ತನುಜಾ.

ದೊಡ್ಡ ಗಾಲಿಗೆ ತಕ್ಕಂತೆ ಆಕ್ಸಲ್ ಒಳಗಿನ ಹಲ್ಲುಚಕ್ರಗಳ ಜೋಡಿಯನ್ನು, ಅಂದರೆ ಕ್ರೌನ್ ಮತ್ತು ಪಿನಿಯನ್ನನ್ನು, ಬದಲಿಸಬೇಕು. ಮಧುಕೇಶ್ವರರಿಗೆ ಇದು ಮೂವತ್ತೊಂದು ವರ್ಷದ ಕಸುಬು. ಸಿದ್ದಾಪುರ, ಯಲ್ಲಾಪುರದಿಂದಲೂ ಬರುತ್ತಾರೆ. ತಿಂಗಳಿಗೆ ನಾಲ್ಕೈದು ಗಾಡಿ, ಒಂದೊಂದಕ್ಕೆ ಎರಡು ದಿನ. "ಸಣ್ಣ ಚಕ್ರದ ಒಂಬತ್ತಕ್ಕ ದೊಡ್ಡದ್ರಾಗ ಮೂವತ್ತೇಳು ಹಲ್ಲು ಇತ್ರಿ. ಈಗ ಎಂಟಕ್ಕ ಮೂವತ್ತೊಂಬತ್ತು ಹಾಕೇನಿ. ಓಟ ಕಡಿಮಿ, ಎಳೆತ ಜಾಸ್ತಿ." ಆದರೆ ಹಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟು ತಪ್ಪಿದರೂ ಗಾಡಿ ಊಳಿಡುತ್ತದೆ. ಆ ಊಳು ಕೇಳಿಸಿಕೊಳ್ಳದೆ ಬಿಟ್ಟರೆ ಒಂದು ದಿನ ಹಲ್ಲು ಮುರಿಯುತ್ತದೆ.

ಕಷ್ಟವಿರುವುದು ಅಲ್ಲೇ. ಸುತ್ತಿಗೆಯ ಸದ್ದು ತಿಂದು ತಿಂದು ಅವರ ಕಿವಿ ಹೋಗಿದೆ. ಹೆಂಡತಿ ಗಂಗಾಂಬಿಕಾ ಒಬ್ಬರಿಗೇ ಅದು ಗೊತ್ತು. ಕರೆದರೆ ತಿರುಗದ ಮೇಸ್ತ್ರಿಗೆ ಸೊಕ್ಕು ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಇವರೇ ಕೂಡಿಸಿಕೊಟ್ಟ ಪಿನಿಯನ್ ಉಮ್ಮಚಗಿ ಹತ್ತಿರ ಮುರಿಯಿತು. "ಯಾರಿಗೂ ಏನೂ ಆಗ್ಲಿಲ್ಲ, ದೇವರು ದೊಡ್ಡಾಂವ. ನನಗ ಮಾತ್ರ ಮೂರು ದಿನ ಅನ್ನ ಇಳೀಲಿಲ್ರಿ." ಅಂದಿನಿಂದ ಸ್ಕ್ರೂಡ್ರೈವರ್ ಬಾಯಿಗೆ ಬಂತು. ಕಿವಿಗೆ ಸಿಗದ ನಡುಕ ಹಲ್ಲಿಗೆ ಸಿಗುತ್ತದೆ. ಆದರೆ ಭಾರ ಹೊತ್ತು ಓಡುವ ಗಾಡಿಯನ್ನು ಕಚ್ಚಿ ನೋಡಲಾದೀತೆ?

ಹಾಗಾಗಿ ಭಾರ ಹೇರಿ ಏರು ಹತ್ತಿಸದೆ ಅವರು ಗಾಡಿ ಒಪ್ಪಿಸುವುದಿಲ್ಲ. ಒಂಬತ್ತು ಗಂಟೆಗೆ ಹೆಗ್ಗರಣೆಯ ಅದೇ ಏರು. ಗಾಡಿಯ ತುಂಬ ಸಿಲಿಂಡರ್. ಸತೀಶ ಕಲ್ಲು ಹಿಡಿದು ಹಿಂದೆ ಹೋಗುತ್ತಿದ್ದಂತೆ ಮಧುಕೇಶ್ವರ ಅದನ್ನು ಕಸಿದುಕೊಳ್ಳುತ್ತಾರೆ. "ನೀವು ಸರೀರಿ. ನಾ ಮಾಡಿದ ಗಾಡಿ ಹಿಂದ ನಾನ ನಿಂದರಾಂವ."

ತನುಜಾ ನಟ್ಟನಡುವೆ ಗಾಡಿ ನಿಲ್ಲಿಸಿ, ಬ್ರೇಕ್ ಬಿಡುತ್ತಾರೆ. ಗಾಡಿ ಎರಡು ಬೆರಳಷ್ಟು ಹಿಂದೆ ಬರುತ್ತದೆ. ಮಧುಕೇಶ್ವರ ಕದಲುವುದಿಲ್ಲ. ಮರುಕ್ಷಣ ಗಾಲಿ ನೆಲ ಹಿಡಿದು, ಗಾಡಿ ನಿಧಾನವಾಗಿ ಏರು ಮುಗಿಸುತ್ತದೆ.

ಕೆಳಗಿಳಿದು ಬಂದ ತನುಜಾರ ತುಟಿಗಳನ್ನೇ ನೋಡುತ್ತ ಅವರು ಮೊದಲ ಬಾರಿಗೆ ಗಿರಾಕಿಯೊಬ್ಬರಿಗೆ ಹೇಳುತ್ತಾರೆ: "ನನಗ ಕಿವಿ ಕೇಳ್ಸೂದಿಲ್ರಿ ಅಕ್ಕಾರ. ಊಳ ಬಂತೇನು? ಖರೇ ಹೇಳ್ರಿ."

ತನುಜಾ ಹತ್ತಿರ ಬಂದು, ಕೈಯಾಡಿಸಿ, ಗಟ್ಟಿಯಾಗಿ ಹೇಳುತ್ತಾರೆ: "ಎಂತದೂ ಇಲ್ಲ ಅಣ್ಣ, ಒಂಚೂರೂ ಸದ್ದಿಲ್ಲ!"

ಮಧುಕೇಶ್ವರ ನಗುತ್ತಾರೆ. "ಹಂಗಾರ ಇಬ್ಬರಿಗೂ ಒಂದ ಕೇಳಿಸ್ತು ನೋಡ್ರಿ."