ಕಣ್ಣು ಮುಚ್ಚಿದ ಹೆಂಗಸಿಗೆ ನಾನು ಹಾಕಿದ ಹಾರ

ಇದನ್ನು ಬರೆಯುವ ಕೆಲಸವನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮಗಳ ಬಾಣಂತನ ಮುಗಿಯಲಿ ಎಂದೆ. ಆಮೇಲೆ ರೋಣದ ಬೀಗರ ಮನೆಯ ಹಿರಿಯರು ಇರುವ ತನಕ ಬೇಡ ಎಂದೆ. ಅವರು ಗಟ್ಟಿಮುಟ್ಟಾಗಿದ್ದಾರೆ, ಮುದಿಯಾಗುತ್ತಿರುವವನು ನಾನೇ. ಎಸ್ಸೆಸ್ಸೆಲ್ಸಿ ಮುಗಿಸಿ ಗಜೇಂದ್ರಗಡದಲ್ಲಿ ಮಗ್ಗಕ್ಕೆ ಕೂತವನು ನಾನು. ಬರೆದು ರೂಢಿಯಿಲ್ಲ. ಆದರೂ ಇನ್ನು ತಡೆದುಕೊಳ್ಳಲಾಗುವುದಿಲ್ಲ.

ನನ್ನ ಸೊಸೆ ನರಗುಂದದವಳು. ಮದುವೆಯಾಗಿ ಬರುವಾಗ ಒಂದು ಚಿತ್ರ ತಂದಳು. ಯಾವುದೋ ದೇಶದ ಹಳೆಯ ಚಿತ್ರದ ಅಚ್ಚಿನ ಪ್ರತಿ, ಕಟ್ಟು ಗಾಜು ಹಾಕಿಸಿದ್ದು. ನೀಲಿ ಕತ್ತಲೆಯಂಥ ನೀರು. ನೀರಿನ ನಡುವೆ ಹರೆಯದ ಹೆಂಗಸೊಬ್ಬಳು ಕಣ್ಣು ಮುಚ್ಚಿ ಕೂತಿದ್ದಾಳೆ. ಎದೆಯ ತನಕ ಬಿಳಿ ಹೂವು. ಕೂದಲು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಹಿಂದೆ ಚಂದ್ರ ಇದ್ದಾನೆ, ಆದರೆ ಬೆಳಕು ಅವನದಲ್ಲ, ಅವಳ ಮುಖದ್ದು.

ಸೊಸೆ ಅದನ್ನು ಪಡಸಾಲೆಯ ಗೋಡೆಗೆ ಹಾಕಿದಳು. ನನಗೆ ಅಂದಿನಿಂದಲೇ ಕಸಿವಿಸಿ. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ಕೊರಳ ತುಂಬ ಹೂವು ಹಾಕಿ ಫೋಟೋ ತೆಗೆಸುತ್ತಾರೆ. ಬೇರೆ ಒಳ್ಳೆಯ ಫೋಟೋ ಇಲ್ಲದವರ ಮನೆಯಲ್ಲಿ ಅದೇ ಗೋಡೆಗೆ ಬರುತ್ತದೆ. ಈಗಂತೂ ಸ್ಟುಡಿಯೋದವರು ಹಿಂದೆ ಮೋಡ, ಚಂದ್ರ, ಜಲಪಾತ ಎಲ್ಲ ಕೂಡಿಸಿ ಕೊಡುತ್ತಾರೆ.

"ಯವ್ವಾ, ಸತ್ತಾಕಿ ಕಂಡಂಗ ಕಾಣ್ತಾಳಲ್ಲ ಇಕಿ" ಎಂದೆ.

"ಸತ್ತಿಲ್ರಿ ಮಾವಾರ, ಕನಸ ಕಾಣಾಕತ್ಯಾಳ್ರಿ. ನಮ್ಮಕ್ಕ ಹುಬ್ಬಳ್ಯಾಗ ನೋಡಿ ಭಾಳ ಮೆಚ್ಚಿ ತಂದಿದ್ಲು. ನನಗ ಕೊಟ್ಟಾಳ."

ಆ ಅಕ್ಕನೇ ಅವಳಿಗೆ ತಾಯಿ. ಹೆತ್ತವ್ವ ಬೇಗ ಹೋಗಿದ್ದಳು. ಅಕ್ಕ ಮದುವೆಯಾಗದೆ ಹೊಲಿಗೆ ಹಾಕಿ ತಂಗಿಯನ್ನು ಬೆಳೆಸಿ ನಮ್ಮ ಮನೆಗೆ ಕೊಟ್ಟಿದ್ದಳು. ತಿಂಗಳಿಗೊಮ್ಮೆ ಬಸ್ಸು ಹಿಡಿದು ತಂಗಿಯನ್ನು ನೋಡಲು ಬರುವಳು. ನಮ್ಮ ಓಣಿಗೆಲ್ಲ ಆಕೆಯ ನಗು ಕೇಳಿಸುತ್ತಿತ್ತು.

ಆಮೇಲೆ ನನ್ನ ಮಗಳನ್ನು ನೋಡಲು ರೋಣದಿಂದ ಗಂಡಿನ ಕಡೆಯವರು ಬಂದರು. ಚಲೋ ಮನೆತನ. ಮಗಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಹುಡುಗನ ದೊಡ್ಡವ್ವ ಕೂತ ಜಾಗದಿಂದಲೇ ಚಿತ್ರ ನೋಡಿದಳು. ಎದ್ದು ಹತ್ತಿರ ಹೋಗಿ ಕೈಮುಗಿದಳು.

"ಪಾಪ, ಹರೇದಾಕಿ. ಯಾರ್ರೀ ಇಕಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ದನಿ ಇಳಿಸಿ ಕೇಳಿದಳು: "ನಿಮ್ಮ ಮಗಗ ಇದು ಎರಡನೇ ಸಂಬಂಧ ಏನ್ರಿ? ಮುಚ್ಚಿಡಬ್ಯಾಡ್ರಿ ಮತ್ತ. ಮೊದಲನಾಕಿ ಹ್ಯಾಂಗ ಹೋದ್ಲು?"

ಇದು ಯಾರೂ ಅಲ್ಲ, ಪರದೇಶದ ಚಿತ್ರ, ಕನಸು ಕಾಣುವ ಹೆಂಗಸು ಎಂದರೆ ಯಾರು ನಂಬಬೇಕು? ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಸೊಸೆ ಸತ್ತ ಮನೆ ಎಂದು ಅವರು ಎದ್ದು ಹೋದರೆ ನಾಳೆ ರಾಜೂರು, ಸೂಡಿಯ ತನಕ ಮಾತು ಹಬ್ಬುತ್ತದೆ. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ಇಲ್ರಿ ಅವ್ವಾರ. ಇಕಿ ನಮ್ಮ ಸೊಸಿ ಅಕ್ಕ. ಕಾಮಣಿ ಆಗಿ ತೀರಿಕೊಂಡ್ಲು."

ಸೊಸೆ ಅದೇ ಹೊತ್ತಿಗೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಪ್ಪುಗಳು ಒಂದಕ್ಕೊಂದು ತಾಗಿ ಸಪ್ಪಳವಾಯಿತು, ಅಷ್ಟೇ. ದೊಡ್ಡವ್ವ ಲೊಚಗುಟ್ಟಿ ಅವಳ ಬೆನ್ನು ಸವರಿದಳು. ಸೊಸೆ ತಲೆ ತಗ್ಗಿಸಿ ಎಲ್ಲರಿಗೂ ಚಹಾ ಕೊಟ್ಟಳು.

ಅವರು ಹೋದ ಮೇಲೆ ನನ್ನ ಹೆಂಡತಿ ಬಡಿದುಕೊಂಡಳು. "ಜೀವಂತ ಇದ್ದಾಕಿನ್ನ ಹೂತು ಬಂದ್ರಲ್ರೀ! ನಾಲಿಗಿ ಹ್ಯಾಂಗರ ಬಂತು?"

"ಸುಮ್ಮನಿರು. ಮದುವಿ ಆಗೂಮಟ ಅಷ್ಟ" ಎಂದೆ.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ನಿಲ್ಲಲಿಲ್ಲ. ಮಾತುಕತೆಗೆ ಅವರ ಹಿರಿಯರೆಲ್ಲ ಬರುವವರಿದ್ದರು. ಹಾರವಿಲ್ಲದ ಫೋಟೋ ನೋಡಿದರೆ ಸಂಶಯ ಬಂದೀತು ಎಂದು ಪ್ಯಾಟಿಯಿಂದ ಗಂಧದ ಹಾರ ತಂದೆ. ಸ್ಟೂಲು ಹತ್ತಿ ನಾನೇ ಹಾಕಿದೆ. ಗಾಜಿನ ಮೇಲೆ, ಆ ಹೆಂಗಸಿನ ಹಣೆಗೆ ಸರಿಯಾಗಿ ವಿಭೂತಿ ಹಚ್ಚಿದೆ. ಇಳಿಯುವಾಗ ಸೊಸೆ ಹಿಂದೆ ನಿಂತಿದ್ದಳು.

"ಮಾವಾರ, ನಮ್ಮಕ್ಕ ಮುಂಜಾನಿ ಫೋನ್ ಮಾಡಿದ್ಲು. ಆರಾಮ ಇದ್ದಾಳ್ರಿ."

ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

ಮದುವೆಗೆ ಅಕ್ಕ ಬರುವಂತಿರಲಿಲ್ಲ. ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ, ಸೊಸೆಯಿಂದಲೇ ಹೇಳಿಸಿದೆ. ಮದುಮಗಳ ಜಂಪರಗಳನ್ನು ಹೊಲಿಯುತ್ತಿದ್ದವಳು ಆಕೆಯೇ. ಫೋನಿನಲ್ಲಿ ಆ ದೊಡ್ಡ ನಗು ನನಗೂ ಕೇಳಿಸಿತು. "ಬಿಡ, ಸತ್ತಾಕಿ ಮದುವಿಗೆ ಬಂದ್ರ ಬೀಗರು ಊಟಾ ಬಿಟ್ಟು ಓಡತಾರ!" ಜಂಪರಗಳು ಬಸ್ಸಿನ ಕಂಡಕ್ಟರ ಕೈಯಲ್ಲಿ ಬಂದವು, ಇಸ್ತ್ರಿ ಮಾಡಿ ಮಡಚಿದ್ದವು.

ಮದುವೆಯ ಮಟ ಅಂದಿದ್ದೆ. ಬೀಗರಾದ ಮೇಲೆ ಬರುವುದು ಹೋಗುವುದು ಹೆಚ್ಚಾಯಿತು. ದೊಡ್ಡವ್ವ ಬಂದಾಗಲೆಲ್ಲ ಚಿತ್ರಕ್ಕೆ ಹೂವು ಏರಿಸುತ್ತಾಳೆ. ಹೀಗಾಗಿ ಅಕ್ಕ ನಮ್ಮ ಹೊಸ್ತಿಲು ತುಳಿಯುವುದೇ ನಿಂತಿತು. ಸೊಸೆಯೇ ನರಗುಂದಕ್ಕೆ ಹೋಗಿ ಬರುತ್ತಾಳೆ. ಸೊಸೆಯ ಹತ್ತಿರ ನಾನು ತಪ್ಪಾಯಿತು ಎಂದಿದ್ದೇನೆ. "ನನಗ ಹೇಳಿದ್ರ ಏನಾಗ್ತದ್ರಿ?" ಎಂದಳು.

ಈ ವರ್ಷ ಒಮ್ಮೆ ಯಾರಿಗೂ ತಿಳಿಸದೆ ನರಗುಂದದ ಬಸ್ಸು ಹತ್ತಿದೆ. ಅಕ್ಕ ಮಷೀನಿನ ಮುಂದಿದ್ದಳು. ಕೂದಲು ಬೆಳ್ಳಗಾಗಿತ್ತು.

"ಬರ್ರಿ ಕಾಕಾರ. ನನ್ನ ದಿವಸಕ್ಕ ಬಂದ್ರೇನು? ಸ್ವಲ್ಪ ತಡಾ ಆತು ನೋಡ್ರಿ" ಎಂದಳು. ನಾನು ತಲೆ ಎತ್ತಲಿಲ್ಲ. ಚಹಾ ಕೊಟ್ಟಳು. ಬಸ್ಸಿನ ಗದ್ದಲ, ನೂಲಿನ ದರ, ನನ್ನ ಸಕ್ಕರೆ ಕಾಯಿಲೆ ಎಲ್ಲ ಮಾತಾಡಿದೆ. ಹೋದ ಕೆಲಸದ ಮಾತೊಂದನ್ನು ಮಾತ್ರ ಆಡಲಿಲ್ಲ. ಏಳುವಾಗ "ನಿಮ್ಮ ಮಗಳ ಅಳತಿ ಬದಲಾಗಿರಬೇಕು, ಒಂದು ಹಳೇ ಜಂಪರ ಕಳಸ್ರಿ" ಎಂದಳು. ಹೂಂ ಎಂದು ಬಂದುಬಿಟ್ಟೆ.

ಇದನ್ನು ಬರೆಯುತ್ತೇನೆ ಎಂದು ಮಗಳಿಗೆ ಹೇಳಿದೆ. "ನಮ್ಮತ್ತಿ ಮನಿ ಮಂದಿ ಓದಿದ್ರ ನಾ ಏನು ಹೇಳಲೆಪ್ಪಾ?" ಎಂದಳು. ಬರೆಯಬೇಡ ಎಂದು ಮಾತ್ರ ಅವಳು ಹೇಳಲಿಲ್ಲ.

ಬೀಗರೇ, ನೀವು ಇಷ್ಟು ದಿನ ಹೂವು ಏರಿಸಿದ್ದು ಯಾರ ಫೋಟೋಕ್ಕೂ ಅಲ್ಲ. ಬಾಯಿಂದ ನಾನು ಕೊಂದವಳು, ಕ್ಷಮಿಸು ಎಂದು ನಾನು ಇವತ್ತಿಗೂ ಕೇಳದವಳು, ನರಗುಂದದಲ್ಲಿ ಹೊಲಿಗೆ ಹಾಕುವ ನನ್ನ ಸೊಸೆಯ ಅಕ್ಕ.