ಹೆಬ್ಬೆರಳು ಮುಳುಗದ ಲೋಟ

ನಮ್ಮ ದೊಡ್ಡಪ್ಪನ ಬಲಗೈ ಹೆಬ್ಬೆರಳಿನ ಉಗುರು ಹಳದಿಯಾಗಿತ್ತು. ಅರಿಶಿನ, ನಶ್ಯ, ಕಾಫಿ, ಸಾಂಬಾರಿನ ಎಣ್ಣೆ ಎಲ್ಲ ಸೇರಿ ಅದಕ್ಕೆ ಆ ಬಣ್ಣ ಬಂದಿತ್ತು. ಉಗುರಿನ ಸಂದಿಯಲ್ಲಿ ಒಂದು ಕಪ್ಪು ಗೆರೆ, ಯಾವ ಸೋಪಿಗೂ ಜಗ್ಗದ್ದು. ದಾವಣಗೆರೆಯ ಅವನ ಹೋಟೆಲಿಗೆ ಗಿರಣಿ ಕೆಲಸದವರು ಬರಲಿ, ವಕೀಲರು ಬರಲಿ, ಲೋಟದ ಅಂಚು ಹಿಡಿದು ಆ ಹೆಬ್ಬೆರಳನ್ನು ಒಳಗೆ ಇಳಿಬಿಟ್ಟುಕೊಂಡೇ ತಂದಿಡುತ್ತಿದ್ದ. ಕಾಫಿ ಸುಡುವಷ್ಟು ಬಿಸಿಯಿದ್ದರೂ ಬೆರಳು ಹೊರಗೆ ಬರುತ್ತಿರಲಿಲ್ಲ. ಕಾಫಿಯ ಹದ ನೋಡಲು ಅವನಿಗೆ ಬೇರೆ ಸಾಧನವೇ ಬೇಕಿರಲಿಲ್ಲ.

ಆ ಕೈಯ ಅನ್ನ ತಿಂದೇ ನಾನು ಬೆಳೆದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅಮ್ಮನನ್ನೂ ಕುಕ್ಕುವಾಡದಿಂದ ಕರೆತಂದು, ಹೋಟೆಲಿನ ಹಿಂದಿನ ಮನೆಯಲ್ಲಿ ಇಟ್ಟುಕೊಂಡವನು ಅವನು. ಹೆಣ್ಣಿಗೆ ಓದು ಯಾಕೆ ಎಂದು ನೆಂಟರು ಮೂಗು ಮುರಿದಾಗ, ನಾನು ಟೀಚರಾಗುವವರೆಗೂ ಓದಿಸಿದವನೂ ಅವನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಒಳ್ಳೆಯ ಮಾತು ಕಡಿಮೆ. ಸತ್ತವರ ಬಗ್ಗೆ ಬಹುವಚನದಲ್ಲಿ ಬರೆಯಬೇಕೆಂದು ನನಗೂ ಗೊತ್ತು. ಕೈ ಬರುವುದಿಲ್ಲ.

ಅವನ ಹೋಟೆಲಿನಲ್ಲಿ ಒಂದೇ ಒಂದು ಒರೆಸುವ ಬಟ್ಟೆಯಿತ್ತು. ಅದರಲ್ಲೇ ಮೇಜು, ಅದರಲ್ಲೇ ತಟ್ಟೆ, ಸೆಕೆಯಾದರೆ ಅದರಲ್ಲೇ ಅವನ ಕುತ್ತಿಗೆ. ಎಲೆಯಲ್ಲಿ ಯಾರೂ ಮುಟ್ಟದೆ ಬಿಟ್ಟ ಚಟ್ನಿ ಸಲೀಸಾಗಿ ಪಾತ್ರೆಗೆ ವಾಪಸಾಗುತ್ತಿತ್ತು. ಮಹಡಿಯ ಬಾಡಿಗೆ ಕೋಣೆಗಳಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ಬದಲು ಮಗುಚಿ ಹಾಸುತ್ತಿದ್ದರು. ದೊಡ್ಡಮ್ಮ ಹೋಟೆಲಿನ ಒಂದು ಹನಿ ಸಾಂಬಾರನ್ನೂ ಮನೆಯೊಳಗೆ ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ನಾ ಕಂಡೀನಿ” ಎನ್ನುತ್ತಿದ್ದಳು. ಏನು ಕಂಡೆ ಎಂದು ಮಾತ್ರ ಎಂದೂ ಹೇಳಲಿಲ್ಲ.

ಹೋಟೆಲಿನ ಹಿಂಗೋಡೆಯಲ್ಲಿ, ಹೊರಗಡೆಗೆ, ಒಂದು ಗೂಡಿತ್ತು. ಅದರಲ್ಲಿ ಹಿಡಿ ಮುರಿದ, ಅಂಚು ಒಡೆದ ಪಿಂಗಾಣಿ ಕಪ್ಪುಗಳು. ಊರ ಹೊರಗಿನ ಕೇರಿಗಳಿಂದ ಬಂದವರು ಹಿಂದಿನ ಓಣಿಯಲ್ಲಿ ನಿಂತು, ಗೂಡಿನಿಂದ ತಮ್ಮ ಕಪ್ಪು ತಾವೇ ತೆಗೆದುಕೊಂಡು ಒಡ್ಡಬೇಕು. ಕಿಟಕಿಯಿಂದ ಕಾಫಿ ಸುರಿಯುತ್ತಿದ್ದರು. ಕುಡಿದು, ತೊಳೆದು, ಅಲ್ಲೇ ಇಟ್ಟು ಹೋಗಬೇಕು. ಐವತ್ತರ ದಶಕ ಮುಗಿಯುತ್ತಿದ್ದ ಆ ಹೊತ್ತಿಗೆ ಅದು ತಪ್ಪೆಂದು ಕಾನೂನೂ ಬಂದಿತ್ತು. ಕಾನೂನು ಮುಂಬಾಗಿಲಿನಿಂದ ಬಂದು ಉಪ್ಪಿಟ್ಟು ತಿಂದು ಹೋಗುತ್ತಿತ್ತು, ಹಿಂದಿನ ಓಣಿಗೆ ಬರುತ್ತಿರಲಿಲ್ಲ.

ಇಂಥ ಹೋಟೆಲಿಗೆ ಮುಂಬಯಿಯಿಂದ ಒಬ್ಬ ಸೇಲ್ಸಿನವನು ಬಂದು ಇಳಿದುಕೊಳ್ಳುತ್ತಿದ್ದ. ಹೊಲಿಗೆ ಯಂತ್ರದ ಬಿಡಿಭಾಗ ಮಾರುವವನು, ಬಾಯಿ ತುಂಬ ಮಾತು. ಅವನು ದೊಡ್ಡಪ್ಪನ ತಲೆಗೆ ಅಮೇರಿಕದ ಹುಳು ಬಿಟ್ಟ. ಅಲ್ಲಿ ಯಾವನೋ ಒಬ್ಬ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಹಳೆ ಲಾಡ್ಜು ಕೊಂಡನಂತೆ. ಅದರ ಲಾಭದಲ್ಲಿ ಇನ್ನೊಂದು, ಅದರಲ್ಲಿ ಮತ್ತೊಂದು. ಈಗ ಸಮುದ್ರದಾಚೆಯ ದೇಶಗಳಲ್ಲೂ ಅವನ ಹೋಟೆಲುಗಳಂತೆ. ಎಲ್ಲಿ ಹೋದರೂ ಅದೇ ಬೋರ್ಡು, ಅದೇ ಮಂಚ, ಅದೇ ಸೋಪು. ಬೆಳಿಗ್ಗೆ ಕಣ್ಣು ಬಿಟ್ಟವನಿಗೆ ತಾನು ಯಾವ ಊರಲ್ಲಿದ್ದೇನೆಂದು ತಿಳಿಯುವುದೇ ಇಲ್ಲವಂತೆ.

“ಅದೇ ನೋಡವ್ವ ಗುಟ್ಟು” ಎಂದು ದೊಡ್ಡಪ್ಪ ನನಗೆ ಮತ್ತೆ ಮತ್ತೆ ಹೇಳುತ್ತಿದ್ದ. “ಒಂದೇ ಹೆಸ್ರು, ಒಂದೇ ರುಚಿ, ಒಂದೇ ಅಳತಿ. ಗಿರಾಕಿಗೆ ಊರು ಬದ್ಲಾಗಿದ್ದೇ ಗೊತ್ತಾಗ್ಬಾರ್ದು.”

ಸೋಪು ಅವನ ಕಿವಿಯ ಮೇಲೆ ಬೀಳಲೇ ಇಲ್ಲ. ಮಿಕ್ಕಿದ್ದೆಲ್ಲ ಬಿತ್ತು.

ಹರಿಹರದ ಸ್ಟೇಷನ್ನಿನ ಹತ್ತಿರ ಒಂದು ಹಳೆ ಮಳಿಗೆ ಹಿಡಿದು ಎರಡನೆಯ ಹೋಟೆಲು ತೆಗೆದ. ರುಚಿ ಒಂದೇ ಇರಬೇಕಲ್ಲ, ಅದಕ್ಕೆ ದಾವಣಗೆರೆಯಲ್ಲೇ ಹಿಂದಿನ ರಾತ್ರಿ ಚಟ್ನಿ ರುಬ್ಬಿಸಿ, ಕ್ಯಾನಿಗೆ ತುಂಬಿ, ಬೆಳಗಿನ ರೈಲಿಗೆ ಹಾಕಿಸುತ್ತಿದ್ದ. ಬೇಸಿಗೆ ಬಂತು. ಹರಿಹರ ಮುಟ್ಟುವಷ್ಟರಲ್ಲಿ ಚಟ್ನಿ ಹುಳಿ ವಾಸನೆ ಹೊಡೆಯುತ್ತಿತ್ತು. ದಾವಣಗೆರೆಯ ಚಟ್ನಿಯೇ ಬೇರೆ, ಇಲ್ಲಿಯದೇ ಬೇರೆ ಎಂದು ಹರಿಹರದ ಗಿರಾಕಿಗಳು ದೂರಿದರು. ದೊಡ್ಡಪ್ಪ ಒಂದು ದಿನ ಯೋಚಿಸಿ ಪರಿಹಾರ ಹುಡುಕಿದ. ದಾವಣಗೆರೆಯ ಚಟ್ನಿಯನ್ನೂ ಒಲೆಯ ಪಕ್ಕದಲ್ಲಿಟ್ಟು, ಹುಳಿ ಬಂದ ಮೇಲೆ ಬಡಿಸಲು ಹೇಳಿದ. ಎರಡೂ ಊರಲ್ಲಿ ರುಚಿ ಒಂದೇ ಆಯಿತು. ಇದನ್ನು ನಾನು ನಗಿಸಲು ಹೇಳುತ್ತಿಲ್ಲ. ಆ ವಾಸನೆ ಈಗಲೂ ನೆನಪಾದರೆ ಊಟ ಸೇರುವುದಿಲ್ಲ.

ಆದರೂ ವ್ಯಾಪಾರ ಏರಿತು. ತುಂಗಭದ್ರೆಯ ದಂಡೆಗೆ ಕಾರ್ಖಾನೆ ಬಂದು ಹರಿಹರದಲ್ಲಿ ಜನ ಹೆಚ್ಚಿದ್ದರು, ಹಸಿದವರು ಮೂಗು ಮುಚ್ಚಿಕೊಂಡು ತಿನ್ನುತ್ತಿದ್ದರು. ಮಳಿಗೆ ಬಿಟ್ಟು ಸ್ವಂತ ಕಟ್ಟಡ ಕಟ್ಟಿಸಲು ದೊಡ್ಡಪ್ಪ ಹೊರಟ. ಕೆಳಗೆ ಹೋಟೆಲು, ಮೇಲೆ ಕೋಣೆಗಳು, ದಾವಣಗೆರೆಯದರ ಪಡಿಯಚ್ಚು.

ಕಟ್ಟಲು ಕರೆಸಿದ್ದು ನಮ್ಮ ಕುಕ್ಕುವಾಡದ ಹೊರಕೇರಿಯ ಗೌಂಡಿಯನ್ನು. ನಮ್ಮಪ್ಪನ ವಾರಿಗೆಯವನು, ಸಣಕಲು ಮೈ, ಕೆಲಸದಲ್ಲಿ ಹಟಮಾರಿ. ಅಳತೆ ತೆಗೆಯಲು ದಾರ ಹಿಡಿದು ದಾವಣಗೆರೆಗೆ ಬಂದ ದಿನ ನಾನೂ ರಜೆಗೆ ಮನೆಯಲ್ಲಿದ್ದೆ. ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲವನ್ನೂ ಅಳೆದು ಹಿಂಗೋಡೆಗೆ ಬಂದ. ಗೂಡಿನ ಮುಂದೆ ನಿಂತ. ಅದರಲ್ಲಿದ್ದ ಹಿಡಿಯಿಲ್ಲದ ಒಂದು ಕಪ್ಪು ಅವನದೇ. ಅವನು ಊರಿಂದ ಬಂದಾಗಲೆಲ್ಲ ಅದರಲ್ಲೇ ಕುಡಿಯುತ್ತಿದ್ದ.

“ಇದೂ ಬೇಕೇನ್ರಿ ಸಾಹುಕಾರ್ರೆ, ಅಲ್ಲಿ?”

“ಎಲ್ಲಾ ಇಲ್ಲಿದ್ದಂಗೇ. ಅಳತಿ ಬದ್ಲಾಗ್ಬಾರ್ದು” ಎಂದ ದೊಡ್ಡಪ್ಪ.

“ಹರಿಹರದಾಗೆ ಯಾರು ಯಾವ ಕೇರಿಯೋರು ಅಂತ ಯಾರಿಗೆ ಗೊತ್ತಾಗ್ತೈತ್ರಿ?”

“ನಂಗೆ ಗೊತ್ತಾಗ್ತೈತಲ್ಲ.”

ಗೌಂಡಿ ಆ ಕಪ್ಪನ್ನು ಪಕ್ಕಕ್ಕೆ ಸರಿಸಿ, ಗೂಡಿಗೆ ದಾರ ಹಿಡಿದು ಅಳತೆ ತೆಗೆದುಕೊಂಡ.

ಆ ವರ್ಷವೇ ನನಗೆ ಹರಿಹರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ಕಟ್ಟಡದ ಮುಂದಿನಿಂದಲೇ ಹೋಗುತ್ತಿದ್ದೆ. ಗೌಂಡಿಯ ಹೆಂಡತಿ ಗಾರೆ ಹೊರುತ್ತಿದ್ದಳು, ಅವನು ಮೆತ್ತುತ್ತಿದ್ದ. ಒಂದು ಸಂಜೆ ನನ್ನನ್ನು ಕೂಗಿ ಹಿಂಗೋಡೆಯ ಹತ್ತಿರ ಕರೆದುಕೊಂಡು ಹೋದ.

“ಕೈ ಆಡ್ಸಿ ನೋಡ್ರಿ ಟೀಚರವ್ವ. ಎಲ್ಲ್ಯಾರ ತಡೀತೈತೇನು?”

ಆಡಿಸಿದೆ. ಈ ತುದಿಯಿಂದ ಆ ತುದಿಯವರೆಗೆ ಕೈ ಎಲ್ಲೂ ತಡೆಯಲಿಲ್ಲ. ಗೋಡೆಯಲ್ಲಿ ಗೂಡೇ ಇರಲಿಲ್ಲ.

“ದೊಡ್ಡಪ್ಪ ಕೇಳಿದರೆ?”

“ಮರ್ತೆ ಅಂತೀನ್ರಿ” ಎಂದ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಪ್ರಾರಂಭಕ್ಕೆ ಇವ್ಳನ್ನೂ ಕರ್ಕಂಡು ಬರ್ತೀನಿ. ನಾನು ಕಟ್ಟಿದ್ದರಾಗೆ ಒಂದಿನ ಕುಂತು ಕಾಫಿ ಕುಡೀಬೇಕು. ಅಷ್ಟೇ.”

ಪ್ರಾರಂಭದ ದಿನ ಊರಿನ ದೊಡ್ಡ ಮನುಷ್ಯರೆಲ್ಲ ಬಂದಿದ್ದರು. ಮುನಿಸಿಪಾಲಿಟಿಯವರು, ರೈಲ್ವೆಯವರು, ದಲಾಲಿ ಅಂಗಡಿಯವರು. ಕೇಸರಿಬಾತು, ಉಪ್ಪಿಟ್ಟು, ಕಾಫಿ, ಎಲ್ಲ ಪುಕ್ಕಟೆ. ನಾನು ಬಾಗಿಲಲ್ಲಿ ಪನ್ನೀರು ಹಿಡಿದು ನಿಂತಿದ್ದೆ. ಗೌಂಡಿ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದ. ಅವಳು ಹಸಿರು ಸೀರೆ ಉಟ್ಟು ಕನಕಾಂಬರ ಮುಡಿದಿದ್ದಳು. ನಾನು ಪನ್ನೀರು ಚಿಮುಕಿಸಿದೆ. ಇಬ್ಬರೂ ಒಳಗೆ ಹೋಗಿ ನಡುವಿನ ಬೆಂಚಿನ ಹತ್ತಿರ ನಿಂತರು. ಅಲ್ಲಿ ಕೂತಿದ್ದ ರೈಲ್ವೆ ಗುಮಾಸ್ತ ಸರಿದು ಜಾಗ ಮಾಡಿ, “ಕೂಡ್ರಿ, ಕೂಡ್ರಿ” ಎಂದ. ಕೂತರು. ಯಾರಿಗೂ ಏನೂ ಗೊತ್ತಿರಲಿಲ್ಲ.

ದೊಡ್ಡಪ್ಪ ನೋಡಿದ. ಎದ್ದು ಹೋಗಿ ಎನ್ನುತ್ತಾನೆಂದುಕೊಂಡೆ. ಅನ್ನಲಿಲ್ಲ. ಅಷ್ಟು ಜನರ ಮುಂದೆ ಅನ್ನುವಷ್ಟು ಪೆದ್ದನಲ್ಲ ಅವನು. ತಾನೇ ಒಳಗೆ ಹೋಗಿ ಕಾಫಿ ತಂದ. ಗುಮಾಸ್ತನಿಗೆ ಎಂದಿನಂತೆ, ಅಂಚು ಹಿಡಿದು, ಬೆರಳು ಮುಳುಗಿಸಿ ಇಟ್ಟ. ಮತ್ತೆ ಹೋಗಿ ಎರಡು ಲೋಟ ತಂದ. ಅವುಗಳ ತಳವನ್ನು ಬೆರಳ ತುದಿಗಳಲ್ಲಿ ಮಾತ್ರ ಹಿಡಿದಿದ್ದ. ಹೆಬ್ಬೆರಳು ದೂರ, ನೆಟ್ಟಗೆ ನಿಂತಿತ್ತು, ಆ ಹಳದಿ ಉಗುರು ಇಡೀ ಕೋಣೆಗೆ ಕಾಣುವಂತೆ. ಮೇಜಿನ ತುದಿಯಲ್ಲಿಟ್ಟು, ಒರೆಸುವ ಬಟ್ಟೆಯಿಂದ ಅವರ ಕಡೆಗೆ ತಳ್ಳಿದ.

ಅವನ ಹೋಟೆಲುಗಳಲ್ಲಿ ಯಾರಾದರೂ ಶುಚಿಯಾದ ಕಾಫಿ ಕಂಡಿದ್ದರೆ ಅದು ಆ ಎರಡು ಲೋಟಗಳಲ್ಲಿ.

ಗೌಂಡಿ ಬೆರಳನ್ನು ನೋಡಿದ, ಲೋಟವನ್ನು ನೋಡಿದ. ಹೆಂಡತಿ ಕೈ ಚಾಚಿದ್ದಳು, ಅವಳ ಮಣಿಕಟ್ಟು ಹಿಡಿದ. ಮೆಲ್ಲಗೆ, ಸಿಟ್ಟಿಲ್ಲದೆ ಕೇಳಿದ: “ಎಲ್ರಿಗೂ ಕೊಟ್ಟಂಗೇ ನಂಗೂ ಕೊಡ್ರಿ ಸಾಹುಕಾರ್ರೆ.”

ದೊಡ್ಡಪ್ಪ ಸುತ್ತಲಿನವರಿಗೆ ಕೇಳುವಂತೆ ನಕ್ಕ. “ಕಾಫಿ ಎಲ್ಲಾ ಒಂದೇ ಅಲ್ಲೇನಲೇ? ಕುಡೀಲೇ, ಆರ್ತೈತೆ.”

ಆ ‘ಲೇ’ ಸಾಕಾಯಿತು. ಗುಮಾಸ್ತ ಗೌಂಡಿಯ ಮುಖ ನೋಡಿದ, ದೊಡ್ಡಪ್ಪನ ಮುಖ ನೋಡಿದ, ತನ್ನ ಲೋಟ ಎತ್ತಿಕೊಂಡು ಬೆಂಚಿನ ತುದಿಗೆ ಸರಿದು ಕೂತ. ಸ್ವಲ್ಪ ಹೊತ್ತಿನ ಹಿಂದೆ ಕೂಡ್ರಿ ಎಂದವನು ಅವನೇ. ಗೌಂಡಿ ಎದ್ದ. ಅವಳೂ ಎದ್ದಳು. ನನ್ನ ಪಕ್ಕದಿಂದಲೇ ಹೊರಗೆ ಹೋದರು. ಅವಳ ತಲೆಯ ಮೇಲೆ ಪನ್ನೀರಿನ ಹನಿ ಇನ್ನೂ ಆರಿರಲಿಲ್ಲ.

ಲೋಟಗಳು ತುಂಬಿದ್ದಂತೆಯೇ ಕೂತಿದ್ದವು, ಮೇಲೆ ಕೆನೆ ಕಟ್ಟಿತ್ತು. ಯಾರ ತುಟಿಯೂ ತಾಗಿರಲಿಲ್ಲ. ಜನ ಕರಗಿದ ಮೇಲೆ ದೊಡ್ಡಪ್ಪ ಅವನ್ನು ಕಾಗದದಲ್ಲಿ ಹಿಡಿಸಿ ಹಿಂದಿನ ತಿಪ್ಪೆಗೆ ಎಸೆಸಿದ. ಎಂಜಲು ಚಟ್ನಿಯನ್ನು ಪಾತ್ರೆಗೆ ಸುರಿಸುತ್ತಿದ್ದ ಮನುಷ್ಯ.

ಸಂಜೆ ಕೇಳಿಯೇಬಿಟ್ಟೆ: “ಅವರಿಬ್ಬರ ಲೋಟ ಮಾತ್ರ ಯಾಕ ಹಂಗೆ ಹಿಡಿದೆ?”

“ಹೆಂಗೆ ಹಿಡಿದೆ?” ಎಂದ. ನಿಜಕ್ಕೂ ತಿಳಿಯದವನ ಮುಖ. “ಒಳ್ಳೆ ದಿವ್ಸ ಅಂತ ನಾನೇ ಕೈಯಾರೆ ತಂದುಕೊಟ್ಟೀನಿ. ಹೊರಗೆ ಕಳಿಸ್ಲಿಲ್ಲ. ಇದಕ್ಕಿಂತ ಮರ್ಯಾದಿ ಬೇಕಾ ಅವ್ರಿಗೆ?”

ಅವನಿಗೆ ತಿಳಿದಿರಲಿಲ್ಲವೇನೋ ಎಂದು ನಾನು ಬಹಳ ಕಾಲ ನಂಬಿದ್ದೆ. ಕೆಲವರ ಕೈಗೆ ತಲೆಯ ಅಪ್ಪಣೆ ಬೇಕಿಲ್ಲ, ಅಭ್ಯಾಸವೇ ಕೆಲಸ ಮಾಡುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಓದಿಸಿದವನ ಮೇಲೆ ಹೇಸಿಗೆಪಡುವುದೂ ಸುಲಭವಲ್ಲ, ಒಂದು ನೆಪ ಬೇಕಾಗುತ್ತದೆ.

ಮರುದಿನವೇ ಬೇರೆ ಗೌಂಡಿಯನ್ನು ಕರೆಸಿ, ನುಣ್ಣಗಿದ್ದ ಹಿಂಗೋಡೆಯನ್ನು ಒಡೆಸಿ ಗೂಡು ಮಾಡಿಸಿದ. ಅದರ ಸುತ್ತ ಬಿರುಕು ಬಿಟ್ಟಿತು, ಎಷ್ಟು ಮೆತ್ತಿಸಿದರೂ ಮುಚ್ಚಲಿಲ್ಲ. ನಾನು ಶಾಲೆಗೆ ಬೇರೆ ದಾರಿ ಹಿಡಿದೆ.

ಹೋಟೆಲುಗಳು ಬೆಳೆದವು. ರಾಣೆಬೆನ್ನೂರು, ಚಿತ್ರದುರ್ಗ, ಹಾವೇರಿ. ಒಂದೇ ಬೋರ್ಡು, ಒಂದೇ ಹಸಿರು ಬಣ್ಣ, ಒಂದೇ ಹುಳಿ ಚಟ್ನಿ, ಹಿಂದೆ ಒಂದೇ ಗೂಡು. ಮುಂಬಯಿಯವನು ಬಂದಾಗಲೆಲ್ಲ ಬೆನ್ನು ತಟ್ಟಿ, ಇನ್ನೇನು ಸಮುದ್ರ ದಾಟುವುದೊಂದೇ ಬಾಕಿ ಎನ್ನುತ್ತಿದ್ದ. ಅರವತ್ತರ ದಶಕದ ನಡುವೆ ಒಬ್ಬ ಖಡಕ್ ಅಧಿಕಾರಿ ಬಂದು ಹಿಂದಿನ ಓಣಿಗೂ ನುಗ್ಗಿದ. ದೊಡ್ಡಪ್ಪ ಕಪ್ಪುಗಳನ್ನು ತೆಗೆಸಿ, ಎಲ್ಲ ಊರಿನ ಗೂಡುಗಳಲ್ಲೂ ದೇವರ ಫೋಟೋ ಇಡಿಸಿ, ಕೆಂಪು ಬಲ್ಬು ಹಾಕಿಸಿದ. ಗೂಡು ಮುಚ್ಚಿಸಲಿಲ್ಲ. ಅಳತೆ ಬದಲಾಗಬಾರದಲ್ಲ.

ಗೌಂಡಿ ನನಗೆ ಆಮೇಲೆ ಒಮ್ಮೆ ಹರಿಹರದ ಸಂತೆಯಲ್ಲಿ ಸಿಕ್ಕಿದ್ದ. ಕಾರ್ಖಾನೆಯವರ ಮನೆಗಳನ್ನು ಕಟ್ಟುತ್ತಿದ್ದ.

“ಗ್ವಾಡಿ ಹೆಂಗೈತ್ರಿ ಟೀಚರವ್ವ?” ಎಂದು ಕೇಳಿದ.

“ಬಿರುಕು ಬಿಟ್ಟೈತೆ.”

“ಬಿಡ್ಲಿ” ಎಂದು ಸೊಪ್ಪಿನ ಚೌಕಾಸಿಗೆ ತಿರುಗಿದ.

ದೊಡ್ಡಪ್ಪನಿಗೆ ಲಕ್ವ ಹೊಡೆದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ. ಬಲಭಾಗವೆಲ್ಲ ಬಿದ್ದುಹೋಯಿತು. ಮಕ್ಕಳು ಒಬ್ಬೊಬ್ಬರು ಒಂದೊಂದು ಊರಿನ ಗಲ್ಲಾದ ಮೇಲಿದ್ದರು, ದೊಡ್ಡಮ್ಮ ಆಗಲೇ ಹೋಗಿದ್ದಳು. ಬೇಸಿಗೆ ರಜೆಯಲ್ಲಿ ನಾನು ಹೋಗಿ ನಿಂತೆ. ಅವನ ಬಲಗೈ ಹಾಸಿಗೆಯ ಮೇಲೆ ಬಿದ್ದಿರುತ್ತಿತ್ತು. ನಾನೇ ದಿನಾ ಅದನ್ನು ತೊಳೆಯುತ್ತಿದ್ದೆ. ಉಗುರಿನ ಹಳದಿ ಹೋಗಿರಲಿಲ್ಲ.

ಬಾಯಿಯ ಒಂದು ಪಕ್ಕದಿಂದ ಜೊಲ್ಲು ಸುರಿಯುತ್ತಿತ್ತು. ನೀರು ಕುಡಿಸುವಾಗ ಅದು ಲೋಟದ ಅಂಚಿಗೆಲ್ಲ ಇಳಿಯುತ್ತಿತ್ತು. ನನಗೆ ಹೇಸಿಗೆಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಒಂದು ಮಧ್ಯಾಹ್ನ, ಕೈಗೆ ಜೊಲ್ಲು ತಾಗದಿರಲೆಂದು, ಲೋಟದ ತಳವನ್ನು ಬೆರಳ ತುದಿಗಳಲ್ಲಿ ಹಿಡಿದು ಅವನ ಬಾಯಿಯ ಹತ್ತಿರ ತಂದೆ. ಅವನು ಬಾಯಿ ತೆರೆಯಲಿಲ್ಲ. ಲೋಟ ಹಿಡಿದ ನನ್ನ ಬೆರಳುಗಳನ್ನೇ ನೋಡಿದ. ನಾಲಿಗೆ ತೊದಲುತ್ತಿತ್ತು, ಆದರೂ ಮಾತು ಸ್ಪಷ್ಟವಾಗಿ ಬಂತು.

“ಹಂಗ್ ಹಿಡೀಬ್ಯಾಡವ್ವ. ನಾನೇನು ಆ ಗೌಂಡಿ ಏನು?”

ಅಂದರೆ ಅವನಿಗೆ ಗೊತ್ತಿತ್ತು. ಆ ದಿನವೂ ಗೊತ್ತಿತ್ತು, ಅದಕ್ಕೆ ಮೊದಲೂ ಗೊತ್ತಿತ್ತು. ಹೆಂಗೆ ಹಿಡಿದೆ ಎಂದು ನನ್ನನ್ನೇ ಕೇಳಿದಾಗಲೂ ಗೊತ್ತಿತ್ತು. ಲೋಟವನ್ನು ಅಲ್ಲೇ ಕುಕ್ಕಿ ಹೊರಟುಹೋಗಬೇಕೆನಿಸಿತು. ಆದರೆ ನಾನು ಟೀಚರಾಗಿದ್ದು ಅವನಿಂದ, ನನ್ನಮ್ಮನ ಹೊಟ್ಟೆ ತುಂಬಿದ್ದು ಅವನಿಂದ.

ಹಿಡಿತ ಬದಲಿಸಿದೆ. ಅಂಚು ಹಿಡಿದು, ನನ್ನ ಹೆಬ್ಬೆರಳನ್ನು ನೀರಿನೊಳಕ್ಕೆ ಬುಡದವರೆಗೂ ಇಳಿಬಿಟ್ಟು, ಅವನ ತುಟಿಗೆ ಹಿಡಿದೆ. ದೊಡ್ಡಪ್ಪ ಆ ಬೆರಳನ್ನು ನೋಡುತ್ತ, ನೆಮ್ಮದಿಯಾಗಿ, ಒಂದು ಹನಿ ಉಳಿಸದೆ ಕುಡಿದ.