ಅತ್ತೆಯ ಸಂಜೆಯ ವಾಕಿಂಗು

ನನಗೆ ಮೊದಲು ಅನುಮಾನ ಬಂದದ್ದು ಸಕ್ಕರೆ ನೋಡುವ ಮಷಿನ್ನಿನ ಮೇಲೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅತ್ತೆಯ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮತ್ತೆ ಏರಿರುತ್ತಿತ್ತು. ನನ್ನ ಬೆರಳನ್ನೂ ಚುಚ್ಚಿಕೊಂಡು ನೋಡಿದೆ, ಸರಿಯಾಗಿಯೇ ತೋರಿಸಿತು. ಅಂದರೆ ಸುಳ್ಳು ಹೇಳುತ್ತಿರುವುದು ಮಷಿನ್ನಲ್ಲ, ಅತ್ತೆ.

ಗಂಗಾವತಿಯ ಡಾಕ್ಟರು ಬಿಡಿಸಿ ಹೇಳಿದ್ದರು. "ಅಮ್ಮಾರ, ನಿಮ್ಮ ಮೈಯಾಗ ಇನ್ಸುಲಿನ್ ಇನ್ನೂ ತಯಾರಾಗ್ತೈತ್ರಿ. ಆದ್ರ ಕೈಕಾಲು ಆಡಸದಿದ್ರ ಮೈ ಅದರ ಮಾತು ಕೇಳಂಗಿಲ್ಲ. ಅದನ್ನ ತಯಾರು ಮಾಡೋ ಗ್ರಂಥಿ ದುಡಿದು ದುಡಿದು ದಣೀತೈತಿ. ಅನ್ನ, ಸಿಹಿ ಕಡಿಮಿ ಮಾಡ್ರಿ, ದಿನಾ ನಡೀರಿ. ಮುಂದಿನ ಸಲ ಬರೋದ್ರಾಗ ಇಳೀಲಿಲ್ಲಂದ್ರ ಇನ್ಸುಲಿನ್ ಸೂಜಿ ಶುರು ಮಾಡಬೇಕಾಗ್ತೈತಿ." ಸೂಜಿ ಎಂದದ್ದೇ ಅತ್ತೆಯ ಮುಖ ಬಿಳುಚಿಕೊಂಡಿತು. ಬಸ್ಸು ಸಿದ್ದಾಪುರ ಮುಟ್ಟುವತನಕ ನನ್ನ ಕೈ ಬಿಡಲಿಲ್ಲ.

ನಾನು ಕುಕನೂರಿನವಳು. ನಮ್ಮಲ್ಲಿ ಊಟವೆಂದರೆ ಜೋಳದ ರೊಟ್ಟಿ, ಅನ್ನ ಕೊನೆಗೆ ಒಂದು ತುತ್ತು. ಇಲ್ಲಿ ಗಂಡನ ಊರು ಸಿದ್ದಾಪುರದಲ್ಲಿ ಕಾಲುವೆ ನೀರು, ಸುತ್ತ ಭತ್ತದ ಗದ್ದೆ. ಮೂರು ಹೊತ್ತೂ ಅನ್ನ ಉಂಡರೂ ಇವರಿಗೆ ಬೇಸರವಿಲ್ಲ. ಅಂಥ ಅತ್ತೆ ಮರುದಿನವೇ ನಾನು ಬಡಿದ ರೊಟ್ಟಿಗೆ ತಕರಾರಿಲ್ಲದೆ ಕೈ ಹಾಕಿದರು. ಇಷ್ಟು ಸುಲಭಕ್ಕೆ ಒಪ್ಪುವ ಹೆಂಗಸಲ್ಲ ಅವರು. ಏನೋ ಮಸಲತ್ತು ಇದೆ ಅಂದುಕೊಂಡೆ.

ಸಕ್ಕರೆ ಡಬ್ಬಿ ಬಚ್ಚಿಟ್ಟೆ, ಬೆಲ್ಲ ಅಟ್ಟಕ್ಕೇರಿಸಿದೆ, ಅತ್ತೆಯ ದಿಂಬಿನ ಕೆಳಗೂ ಕೈಯಾಡಿಸಿದೆ. ಗಂಡ ತಾಯಿಗೆಂದು ಕದ್ದು ಪೇಡೆ ತರುತ್ತಿರಬಹುದೆಂದು ಅವರ ಅಂಗಿ ಜೇಬು ಮೂಸಿದೆ. ಅಡಕೆ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಉಳಿದದ್ದು ಸಂಜೆಯ ವಾಕಿಂಗು. ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು ಹೊರಟವರು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಡಾಕ್ಟರು ಹೇಳಿದ ವಾಕಿಂಗಿಗೆ ಇಸ್ತ್ರಿ ಸೀರೆ ಯಾಕೆ?

ಒಂದು ಸಂಜೆ ಕರಿಬೇವು ತರುವ ನೆಪ ಮಾಡಿ ಹಿಂದೆಯೇ ಹೋದೆ. ಅತ್ತೆ ಚುರುಕಾಗಿಯೇ ನಡೆದರು, ಆದರೆ ಓಣಿಯ ತಿರುವಿನಲ್ಲಿ ದೂರದ ಬೀಗರೊಬ್ಬರ ಮನೆ ಹೊಕ್ಕರು. ತೆರೆದ ಬಾಗಿಲಿನಿಂದ ಕಂಡಿತು, ಕೈಯಲ್ಲಿ ಚಹಾದ ಕಪ್ಪು. ಅಲ್ಲಿಂದ ಬಳೆಗಾರರ ಮನೆ, ಅಲ್ಲೂ ಚಹಾ. ಆಮೇಲೆ ಹಿಟ್ಟಿನ ಗಿರಣಿಯವರ ಮನೆ, ಅಲ್ಲಿ ಬಿಸ್ಕೀಟು ಬೇರೆ. ಈ ಊರ ಚಹಾ ಎಂದರೆ ತುಟಿಗೆ ಅಂಟುವಷ್ಟು ಸಕ್ಕರೆ. ನಡೆದು ಕರಗಿಸಿದ್ದನ್ನೆಲ್ಲ ಮನೆಮನೆಯಲ್ಲಿ ಕೂತು ಮತ್ತೆ ತುಂಬಿಕೊಳ್ಳುತ್ತಿದ್ದರು! ನನಗೆ ಮೈಯೆಲ್ಲ ಉರಿಯಿತು.

ಹೊರಬಂದವರಿಗೆ ಗಿರಣಿ ಮುಂದೆಯೇ ಅಡ್ಡ ನಿಂತೆ. "ಸೂಜಿ ಚುಚ್ಚಿಸ್ಕೋಬೇಕಂತ ಮಾಡೀರೇನ್ರಿ ಅತ್ತಿ?"

ಅವರು ಬೆಚ್ಚಿದರು. "ಮನಿಗೆ ಬಂದಾಕಿ ಚಾ ಒಲ್ಲೆ ಅಂದ್ರ ಸಿಟ್ಟೈತಿ ಅಂತ ತಿಳಕೊಂತಾರವ್ವಾ."

"ಸಕ್ಕರಿ ರೋಗ ಐತಿ ಅಂತ ಹೇಳ್ರಿ."

"ರೋಗದ ಮಾತು ಮಂದಿ ಮುಂದ ಆಡ್ತಾರೇನು?"

"ಹಂಗಾರ ಮಂದಿ ಮನಿಗೆ ಯಾಕ ಹೋಗ್ತೀರಿ? ಕಾಲುವಿ ದಂಡಿಗುಂಟ ಸುಮ್ನ ನಡದು ಬರ್ರಿ."

ಅತ್ತೆ ದನಿ ತಗ್ಗಿಸಿದರು. "ಮೊದಲನೇ ದಿನ ಹಂಗ ನಡದಿದ್ದೆ. ಎದುರಿಗೆ ಬಂದಾಕಿ ಒಬ್ಬಾಕಿ, ಈ ವಯಸ್ಸಿನ್ಯಾಗ ಎಲ್ಲಿಗೆ ಹೊಂಟೀಯವ್ವಾ, ಸೊಸಿ ಹೊರಗ ಹಾಕ್ಯಾಳೇನು ಅಂದ್ಲು. ಊರಾಗ ನಿನ್ನ ಹೆಸರು ಕೆಡೋದು ಬ್ಯಾಡ ಅಂತ, ಹೋಗಾಕ ಒಂದೊಂದು ಮನಿ ಹುಡುಕ್ಕೊಂಡೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾಚಿಕೆಯಾಯಿತು, ಅಳುವೂ ಬಂತು. ಅತ್ತೆಯ ಕೈ ಹಿಡಿದುಕೊಂಡು ಮನೆಗೆ ಬಂದೆ.

ಮರುದಿನ ಸಂಜೆ ಅತ್ತೆಯ ಜೊತೆ ನಾನೂ ಕಾಲುವೆಯ ಕಡೆ ಹೊರಟೆ. ಹೆಂಗಸೊಬ್ಬಳು ಎದುರಾದಳು. ಅತ್ತೆ ನನ್ನ ಕೈ ಚಿವುಟಿದಾಗ ಅವಳೇ ಇವಳು ಎಂದು ಗೊತ್ತಾಯಿತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವ್ವಾ, ಅತ್ತಿನ್ನ ಎಲ್ಲಿಗೆ ಕರಕೊಂಡು ಹೊಂಟಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಗದ್ದೆಯಲ್ಲಿದ್ದವರೂ ತಲೆಯೆತ್ತುವಷ್ಟು ಗಟ್ಟಿಯಾಗಿ ಹೇಳಿದರು: "ನನಗ ಸಕ್ಕರಿ ರೋಗ ಐತಿ. ನನ್ನ ಸೊಸಿ ನನ್ನ ಉಳಿಸ್ಕೊಳಾಕ ಹೊಂಟಾಳ."